ಮಳೆಗಾಲದಲ್ಲಿ ಮನೆಯೊಳಗಿನ ಥಂಡಿ: ಮೊದಲು ಆವಿ ಹೊರಗೆ ಹಾಕಿ

ಆಷಾಢ ಹಿಡಿಯಿತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮನೆಗಳಲ್ಲಿ ಬೀರುವಿನ ಹಿಂದೆ, ಚಪ್ಪಲಿಯ ಮೇಲೆ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂಷ್ಟು. ಎಲ್ಲರೂ ಮಳೆಯನ್ನೇ ಬೈಯುತ್ತಾರೆ. ಆದರೆ ಒಂದು ಕಿಲೋ ಅಡುಗೆ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹೊರಡುತ್ತದೆ. 14.2 ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಅದು 20 ಲೀಟರ್ ದಾಟಿರುತ್ತದೆ. ಕಡುಬು ಬೇಯಿಸಿದ ಹಬೆ, ಹಾಲ್‌ನಲ್ಲಿ ಒಣಹಾಕಿದ ಬಟ್ಟೆಯ ನೀರು ಬೇರೆ. ಕಿಟಕಿ ಬಿಗಿದು ಕೂತರೆ ಇದೆಲ್ಲ ತಣ್ಣಗಿನ ಗೋಡೆಗೆ ಹೋಗಿ ಕೂರುತ್ತದೆ.

ಅಡುಗೆಮನೆಗೆ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ಒಲೆಯ ಹತ್ತಿರ, ಸೂರಿಗೆ ಆದಷ್ಟು ಸಮೀಪ ಕೂರಿಸಿ. ಹೆಚ್ಚಿನವರು ತಪ್ಪುವುದು ಇಲ್ಲಿ: ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಡುತ್ತಾರೆ. ಆ ಕಿಟಕಿಯಿಂದ ಬಂದ ಗಾಳಿ ನೇರ ಫ್ಯಾನಿಗೆ ಹೋಗುತ್ತದೆ, ಹಬೆ ಇದ್ದಲ್ಲೇ ಉಳಿಯುತ್ತದೆ. ಅದನ್ನು ಮುಚ್ಚಿ, ಎದುರು ಬದಿಯ ಬಾಗಿಲು ತೆರೆಯಿರಿ. ಅಲ್ಲಿ ಊದುಬತ್ತಿ ಹಿಡಿದರೆ ಹೊಗೆ ಒಲೆಯ ಕಡೆಗೆ ಎಳೆಯಬೇಕು. ಅಡುಗೆ ಮುಗಿದ ಮೇಲೂ ಹದಿನೈದು ನಿಮಿಷ ಓಡಲಿ. ಬಚ್ಚಲಿಗೆ 6 ಇಂಚಿನದು; ಬಾಗಿಲ ಕೆಳಗೆ ಅರ್ಧ ಇಂಚು ಸಂದು ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ ಅಷ್ಟೆ. ಹಂಡೆ ಒಲೆ ಉರಿಯುವಾಗ ಮಾತ್ರ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಬೇಡಿ, ಚಿಮಣಿಯ ಹೊಗೆ ಒಳಕ್ಕೇ ಬರುತ್ತದೆ.

ಇನ್ನು ಕಿಟಕಿ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಿನಲ್ಲಿ, ಹೊರಮುಖಕ್ಕೆ ಸಣ್ಣ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ನೀರು ಹೊರಹೋಗುವ ದಾರಿ ಅದೇ. ಧೂಳು, ಸತ್ತ ಮಳೆಹುಳುಗಳ ರೆಕ್ಕೆ ಸೇರಿ ಅವು ಕಟ್ಟಿದರೆ ನೀರು ತುಂಬಿ ಕೋಣೆಯೊಳಗೆ ಸುರಿಯುತ್ತದೆ. "ಸೋರುತ್ತಿದೆ" ಎಂದು ಆ ತೂತಿಗೇ ಸಿಲಿಕಾನ್ ಬಳಿಯುವವರೂ ಇದ್ದಾರೆ! ಮೇ ತಿಂಗಳಲ್ಲೇ ಹಳೆಯ ಹಲ್ಲುಜ್ಜುವ ಬ್ರಷ್, ತೆಳು ತಂತಿಯಿಂದ ಬಿಡಿಸಿ, ಒಂದು ಲೋಟ ನೀರು ಹೊಯ್ದು ನೋಡಿ. ಸಿಲಿಕಾನ್ ಬೇಕಾದದ್ದು ಫ್ರೇಮು ಮತ್ತು ಗೋಡೆಯ ನಡುವಿನ ಸಂದಿಗೆ, ಹೊರಗಡೆಯಿಂದ, ಪೂರ್ತಿ ಒಣಗಿದ ದಿನ.

ಮಳೆ ಹೊಳವಾದಾಗ ಎದುರುಬದುರು ಕಿಟಕಿ ಹತ್ತು ನಿಮಿಷ ತೆರೆದರೂ ಒಳಗಿನ ಆವಿ ಸಾಕಷ್ಟು ಹೋಗುತ್ತದೆ. ಮಳೆಗಾಳಿ ಬಡಿಯುವ ಪಡುವಣ ಗೋಡೆಗೆ ಬೀರು ತಾಗಿಸಬೇಡಿ, ಮೂರು ಇಂಚು ಬಿಡಿ.

ಹೆಂಚಿನ ಮನೆಗೆ ಪಿವಿಸಿ ಸೀಲಿಂಗ್ ಹಾಕಿಸುವವರು ಯೋಚಿಸಿ. ಹೆಂಚಿನ ಸಂದುಗಳಿಂದಲೇ ಮನೆ ಉಸಿರಾಡುತ್ತಿತ್ತು. ಸೀಲಿಂಗಿನ ಮೇಲೆ ಗಾಳಿಗೆ ಎರಡೂ ತುದಿಯಲ್ಲಿ ಜಾಲರಿಯ ಕಿಂಡಿ ಬಿಡದಿದ್ದರೆ ಹೆಂಚಿನ ಕೆಳಗಿನ ಮರದ ಪಟ್ಟಿ, ಅಂದರೆ ರೀಪು, ಒದ್ದೆಯಾದದ್ದು ಒಣಗದೆ ಲಡ್ಡಾಗುತ್ತದೆ, ಕೆಳಗಿನಿಂದ ಕಾಣುವುದೂ ಇಲ್ಲ.

ಮಳೆ ಕಡಿಮೆಯಿರುವ ಕಡೂರು, ಅರಸೀಕೆರೆ ಕಡೆಯವರಿಗೆ ಇದ್ಯಾವುದರ ತಲೆನೋವೂ ಅಷ್ಟಿಲ್ಲ. ಅಲ್ಲಿ ಕಾಡುವುದು ತಾರಸಿಯ ಕಾವು. ಬೇಸಿಗೆಗೆ ಮುಂಚೆ ತಾರಸಿ ತೊಳೆದು ಬಿಳಿ ಸುಣ್ಣ ಎರಡು ಕೈ ಹೊಡೆಸಿ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಹೊಡೆಸಬೇಕು.