ಕೆಲಸದಲ್ಲಿ ಸೀನು, ರಜೆಯಲ್ಲಿ ಆರಾಮ: ಧೂಳಿನ ಅಸ್ತಮಾ ಪತ್ತೆ ಹೇಗೆ?

ತುಮಕೂರಿನ ಬೇಕರಿಯೋ, ಸೋಪಿನ ಪುಡಿ ಘಟಕವೋ, ಕೋಳಿ ಮೇವಿನ ಮಿಲ್ಲೋ, ಕಿಣ್ವದ (ಎಂಜೈಮ್) ಪುಡಿ ಎಲ್ಲಾದರೂ ಇರಬಹುದು. ಬ್ರೆಡ್ ಚೆನ್ನಾಗಿ ಬರಲು ಹಿಟ್ಟಿಗೆ ಬೆರೆಸುವ ಇಂಪ್ರೂವರ್‌ನಲ್ಲಿ ಅಮೈಲೇಸ್ ಎಂಬ ಕಿಣ್ವ, ಬಟ್ಟೆ ಪುಡಿಯಲ್ಲಿ ಪ್ರೋಟಿಯೇಸ್, ಮೇವಿನಲ್ಲಿ ಫೈಟೇಸ್. ಚೀಲ ಸುರಿಯುವಾಗ ಏಳುವ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ. ಅದೂ ತಿಂಗಳುಗಳು, ವರ್ಷಗಳು ಕಳೆದ ಮೇಲೆ. ‘ಇಷ್ಟು ವರ್ಷ ಆಗದ್ದು ಈಗ್ಯಾಕೆ?’ ಅಂತ ತಳ್ಳಿಹಾಕಬೇಡಿ.

ಮೊದಲು ಮೂಗು ಗಮನಿಸಿ. ಸಾಮಾನ್ಯವಾಗಿ ಸೀನು, ಮೂಗು ಸೋರುವುದು, ಕಣ್ಣಿನ ತುರಿಕೆ ಮುಂಚೆ ಬರುತ್ತವೆ. ಎದೆ ಬಿಗಿತ, ಸುಯ್ ಸುಯ್ ಸದ್ದು ಆಮೇಲೆ. ಬೆಳಗಿನ ಶಿಫ್ಟ್ ಮುಗಿಸಿದವರಿಗೆ ರಾತ್ರಿ ಕೆಮ್ಮು ಶುರುವಾಗುವುದೂ ಉಂಟು. ಬೈಗುಳ ಮಾತ್ರ ಫ್ಯಾನಿಗೆ, ಮೊಸರಿಗೆ!

ವೈದ್ಯರ ಬಳಿ ಹೋಗುವಾಗ ಚೀಲದ ಲೇಬಲ್ಲಿನ ಫೋಟೊ ಒಯ್ಯಿರಿ. ‘ಫ್ಯಾಕ್ಟರಿ ಕೆಲಸ’ ಅಂದರೆ ಸಾಲದು, ಯಾವ ಪುಡಿ ಮುಟ್ಟುತ್ತೀರಿ ಹೇಳಿ. ಅವರು ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಕೆಲಸ ಅಳೆಯುವ ಪರೀಕ್ಷೆ) ಮಾಡಿಸುತ್ತಾರೆ. ರಜೆಯ ದಿನ ಅದು ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಎಂದಲ್ಲ.

ನನ್ನ ಪ್ರಕಾರ ಹೆಚ್ಚು ಉಪಯೋಗಕ್ಕೆ ಬರುವುದು ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಪುಟ್ಟ ಕೊಳವೆ) ಮತ್ತು ಒಂದು ನೋಟ್‌ಬುಕ್. ಮುಳ್ಳನ್ನು ಕೆಳಗಿಳಿಸಿ. ನಿಂತುಕೊಂಡು ಉಸಿರು ತುಂಬಾ ಎಳೆದುಕೊಳ್ಳಿ. ತುಟಿ ಬಿಗಿ ಹಿಡಿದು ಒಂದೇ ಸಲ ಜೋರಾಗಿ ಊದಿ. ಮೂರು ಸಲ ಊದಿ, ಜಾಸ್ತಿ ಬಂದ ಅಂಕಿ ಬರೆಯಿರಿ. ಹೀಗೆ ದಿನಕ್ಕೆ ಕನಿಷ್ಠ 4 ಬಾರಿ, ಸುಮಾರು 4 ವಾರ. ಅದರಲ್ಲಿ ಕೆಲಸದ ದಿನಗಳೂ ಇರಬೇಕು, ರಜೆಯೂ ಇರಬೇಕು. ಒಂದು ಭಾನುವಾರ ಸಾಲದು, ಹಬ್ಬಕ್ಕೆ ಊರಿಗೆ ಹೋಗುವ ವಾರ ಸೇರಿಸಿಕೊಳ್ಳಿ. ಶಿಫ್ಟ್, ಮಾಡಿದ ಕೆಲಸ, ಬಳಸಿದ ಇನ್‌ಹೇಲರ್ ಪಕ್ಕದಲ್ಲೇ ಬರೆಯಿರಿ. ಊರಲ್ಲಿ (ನಿಮಿಷಕ್ಕೆ ಲೀಟರ್ ಲೆಕ್ಕದಲ್ಲಿ) 480 ಇದ್ದದ್ದು ಕೆಲಸದ ವಾರದಲ್ಲಿ ಮತ್ತೆ ಮತ್ತೆ 370ಕ್ಕೆ ಇಳಿಯುತ್ತಿದ್ದರೆ ವೈದ್ಯರಿಗೆ ದಾರಿ ಸಿಕ್ಕಿತು. ಮಾತಾಡಲೂ ಆಗದಷ್ಟು ದಮ್ಮು ಬಂದರೆ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಆಮೇಲೆ ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದ ಐಜಿಇ (ಅಲರ್ಜಿಯ ಪ್ರತಿಕಾಯ) ಪರೀಕ್ಷೆ. ಪಾಸಿಟಿವ್ ಬಂದಷ್ಟಕ್ಕೇ ಅಸ್ತಮಾ ಎಂದಲ್ಲ, ನೋಟ್‌ಬುಕ್ ಜೊತೆ ತಾಳೆಯಾಗಬೇಕು. ಆ ಪುಡಿಯನ್ನೇ ಉಸಿರಾಡಿಸಿ ನೋಡುವ ಪರೀಕ್ಷೆಯೂ ಇದೆ. ಅದನ್ನು ತಜ್ಞರಿರುವ ದೊಡ್ಡ ಕೇಂದ್ರಗಳಲ್ಲಷ್ಟೇ ಮಾಡುತ್ತಾರೆ. ಮನೆಯಲ್ಲಿ ಸುಮ್ನೆ ಮೂಸಿ ನೋಡುವ ಸಾಹಸ ಬೇಡ.

ಉಸಿರಾಟ ತೀರಾ ಕೆಟ್ಟಿಲ್ಲದಿದ್ದರೆ, ಪತ್ತೆಯಾಗುವ ಮುಂಚೆ ರಾಜೀನಾಮೆ ಕೊಡಬೇಡಿ. ಕೆಲಸ ಬಿಟ್ಟ ಮೇಲೆ ಹೋಲಿಸಿ ನೋಡಲು ಅಂಕಿಗಳೇ ಸಿಗುವುದಿಲ್ಲ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ ಅಲ್ಲಿನ ವೈದ್ಯರಿಗೂ ನೋಟ್‌ಬುಕ್ ತೋರಿಸಿ. ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಕೆಲಸದಿಂದ ಬರುವ ಅಸ್ತಮಾವೂ ಇದೆ.