ಇಂಟರ್‌ವ್ಯೂನಲ್ಲಿ ವಿದೇಶದ ಮಾತು ಎತ್ತಬೇಕಾ?

ಕೆನಡಾಕ್ಕೆ ಹೋಗುವುದು ಬರೀ ಯೋಚನೆಯಾಗಿದ್ದರೆ ನೀವಾಗಿ ಹೇಳುವುದು ಬೇಡ. ಅರ್ಜಿಯನ್ನೇ ಹಾಕಿಲ್ಲ, ಸುಮ್ನೆ ಕೆಲಸ ಯಾಕೆ ಕಳೆದುಕೊಳ್ಳುತ್ತೀರಿ? ನೇರವಾಗಿ ಕೇಳಿದರೆ ಮಾತ್ರ ಸುಳ್ಳು ಬೇಡ. "ಆಸೆ ಇದೆ, ಇನ್ನೂ ಏನೂ ಗಟ್ಟಿಯಾಗಿಲ್ಲ" ಅಂದರೆ ಸಾಕು. ವೀಸಾ ಕೈಗೆ ಬಂದಿದ್ದರೆ ಹೇಳಿಬಿಡಿ.

ಶಿರಸಿ, ಕಾರವಾರದಲ್ಲೇ ಕೆಲಸವಾದರೆ ಲೆಕ್ಕ ಬೇರೆ. ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ವಿಷಯ ಯಜಮಾನರ ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿ ನೀವೇ ಮೊದಲು ಹೇಳುವುದು ಒಳ್ಳೆಯದು.

ಸಹಿ ಹಾಕುವ ಮೊದಲು ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು), ನೋಟಿಸ್ ಅವಧಿ ಓದಿ. ಕೆನಡಾದಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅನುಭವ ತೋರಿಸಲು ಕಂಪನಿಯ ಲೆಟರ್‌ಹೆಡ್‌ನಲ್ಲಿ ಹುದ್ದೆ, ಮಾಡಿದ ಕೆಲಸ, ವಾರದ ಗಂಟೆ, ಸಂಬಳ ಎಲ್ಲ ಬರೆದ ಪತ್ರ ಬೇಕು. ಮುನಿಸಿಕೊಂಡ ಮ್ಯಾನೇಜರ್ ಹತ್ರ ಅದನ್ನು ಬರೆಸಿಕೊಳ್ಳುವುದು ಕಷ್ಟ ಅಲ್ವಾ? ನೋಟಿಸ್ ಪೂರ್ತಿ ಮುಗಿಸಿ, ಪತ್ರ ಕೈಗೆ ಬಂದ ಮೇಲೆಯೇ ಹೊರಡಿ.