ಮಗನ ಜಿಮ್ ಬ್ಯಾಗಿನಲ್ಲಿ ಸಿರಿಂಜು ಸಿಕ್ಕರೆ

ಅದು ಸ್ನಾಯು ಬೆಳೆಸುವ ಸ್ಟೀರಾಯ್ಡ್ ಇರಬಹುದು. ಕೂಗಾಡುವ ಮೊದಲು ಸಿಕ್ಕಿದ್ದೇನೆಂದು ಓದಿ. ಬಾಟಲಿ, ಮಾತ್ರೆಯ ಸ್ಟ್ರಿಪ್, ಡಬ್ಬಿ ಯಾವುದನ್ನೂ ಎಸೆಯಬೇಡಿ. ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಬಳಸಿದ ಸೂಜಿಗೆ ಕ್ಯಾಪ್ ಹಾಕಲು ಹೋಗಬೇಡಿ, ಕೈಗೆ ಚುಚ್ಚಿಕೊಳ್ಳುವುದು ಆಗಲೇ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಆಸ್ಪತ್ರೆಗೆ ಹೋಗುವಾಗ ಕೊಟ್ಟುಬಿಡಿ.

ಆಂಪ್ಯೂಲಿನಲ್ಲೋ ರಬ್ಬರ್ ಮುಚ್ಚಳದ ವಯಲ್‌ನಲ್ಲೋ ಎಣ್ಣೆಯಂತಹ ಮಂದ ದ್ರವ ಇದ್ದರೆ ಅದು ನ್ಯಾಂಡ್ರೊಲೋನ್ ಅಥವಾ ಟೆಸ್ಟೊಸ್ಟೆರೋನ್ ಎಂಬ ಸ್ಟೀರಾಯ್ಡ್ ಆಗಿರುವ ಸಂಭವ ಹೆಚ್ಚು. ಜಿಮ್ ಭಾಷೆಯಲ್ಲಿ 'ಡೆಕಾ', 'ಟೆಸ್ಟ್'. ಮಾತ್ರೆಯಾದರೆ ಮೆಥಾಂಡಿಯೆನೋನ್, ಸ್ಟಾನೊಜೊಲಾಲ್, ಆಕ್ಸಾಂಡ್ರೊಲೋನ್, ಆಕ್ಸಿಮೆಥೊಲೋನ್ ಎಂಬ ಹೆಸರುಗಳನ್ನು ಹುಡುಕಿ. ಜೊತೆಗೆ ಟ್ಯಾಮಾಕ್ಸಿಫೆನ್, ಕ್ಲೋಮಿಫೀನ್, ಅನಾಸ್ಟ್ರೊಜೋಲ್ ಸಿಕ್ಕಿತೋ, ಒಂದು ಸಲ ರುಚಿ ನೋಡಿದ್ದಲ್ಲ ಎಂದು ತಿಳಿಯಿರಿ. ಸ್ತನ ಕ್ಯಾನ್ಸರಿಗೂ ಬಂಜೆತನಕ್ಕೂ ಕೊಡುವ ಈ ಔಷಧಿಗಳನ್ನು ಸ್ಟೀರಾಯ್ಡಿನ ಅಡ್ಡಪರಿಣಾಮ ಮುಚ್ಚಲು ಹುಡುಗರಿಗೆ ಹಂಚುತ್ತಾರೆ. ಅಂದರೆ ಯಾರೋ ಕೂತು 'ಸೈಕಲ್' (ಯಾವ ಔಷಧಿ, ಎಷ್ಟು ವಾರ ಎಂಬ ಪಟ್ಟಿ) ಬರೆದುಕೊಟ್ಟಿದ್ದಾರೆ. ಇನ್ನೊಂದು ಮಾತು: ಕಳ್ಳಮಾರ್ಗದ ಮಾಲಿನಲ್ಲಿ ಲೇಬಲ್ ಒಂದು, ಒಳಗಿರುವುದು ಇನ್ನೊಂದು ಇರಬಹುದು. ಲೇಬಲ್ಲನ್ನು ಸುಳಿವು ಎಂದುಕೊಳ್ಳಿ, ಸಾಕ್ಷಿ ಎಂದಲ್ಲ.

ಎಲ್ಲ ಸ್ಟೀರಾಯ್ಡೂ ಇದಲ್ಲ

ಇಲ್ಲಿ ಗೊಂದಲ ಮಾಡಿಕೊಂಡರೆ ಅನಾಹುತ. ಅಸ್ತಮಾದ ಇನ್‌ಹೇಲರ್, ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಚರ್ಮದ ಕೆಲವು ಮುಲಾಮುಗಳು ಬೇರೆ ಜಾತಿಯ ಸ್ಟೀರಾಯ್ಡುಗಳು. ಇವು ಸ್ನಾಯು ಬೆಳೆಸುವುದಿಲ್ಲ, ಉರಿಯೂತ ಇಳಿಸುತ್ತವೆ. 'ಸ್ಟೀರಾಯ್ಡ್' ಎಂಬ ಪದ ಕೇಳಿ ಗಾಬರಿಯಾಗಿ ಅಸ್ತಮಾದ ಮಗುವಿನ ಇನ್‌ಹೇಲರ್ ಕಿತ್ತುಕೊಳ್ಳಬೇಡಿ.

ಆದರೆ 'ದಪ್ಪ ಆಗೋ ಮಾತ್ರೆ' ಎಂದು ಕೊಡುವ ಪೊಟ್ಟಣದ ಬಗ್ಗೆ ಎಚ್ಚರ. ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡೀನ್ ಜೊತೆ ಡೆಕ್ಸಾಮೆಥಾಸೋನ್ ಸೇರಿಸಿ ಮಾರುವುದುಂಟು. ಮುಖ ಊದುತ್ತದೆ, ತೂಕ ಏರುತ್ತದೆ, ಹುಡುಗ 'ಬಾಡಿ ಬಂತು' ಎಂದುಕೊಳ್ಳುತ್ತಾನೆ. ಬಂದದ್ದು ನೀರು ಮತ್ತು ಕೊಬ್ಬು. ವಾರಗಟ್ಟಲೆ ನುಂಗಿದ್ದರೆ ನೀವೇ ದಿಢೀರನೆ ನಿಲ್ಲಿಸಬೇಡಿ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

'ಡೋಸು ಕಡಿಮೆ' ಎಂಬ ಸಮಾಧಾನ

'ಕಡಿಮೆ ಡೋಸು, ಏನೂ ಆಗಲ್ಲ' ಎಂಬುದು ಜಿಮ್ ಅಣ್ಣಂದಿರು ಹೇಳುವ ದೊಡ್ಡ ಸುಳ್ಳು. ಮೂವತ್ತರ ಗಂಡಸಿಗೂ ಹದಿನಾರರ ಹುಡುಗನಿಗೂ ಮುಖ್ಯ ವ್ಯತ್ಯಾಸ ಇರುವುದು ಮೂಳೆಯಲ್ಲಿ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಮೆದುವಾದ ಬೆಳವಣಿಗೆ ಪಟ್ಟಿ ಇರುತ್ತದೆ. ಎತ್ತರ ಹೆಚ್ಚುವುದು ಅಲ್ಲಿಂದಲೇ. ಹೊರಗಿನಿಂದ ಬಂದ ಟೆಸ್ಟೊಸ್ಟೆರೋನಿನ ಒಂದು ಪಾಲನ್ನು ದೇಹ ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ, ಆ ಈಸ್ಟ್ರೊಜೆನ್ ಪಟ್ಟಿಯನ್ನು ಬೇಗ ಗಟ್ಟಿ ಮಾಡಿ ಮುಚ್ಚಿಬಿಡುತ್ತದೆ. ಒಮ್ಮೆ ಮುಚ್ಚಿದರೆ ಯಾವ ಔಷಧಿಯೂ ತೆರೆಯದು. ಪೊಲೀಸ್, ಸೇನಾ ಭರ್ತಿಗೆಂದು ಎದೆ ಅಗಲ ಮಾಡಿಕೊಳ್ಳಲು ಹೊರಟ ಹುಡುಗ, ಅದೇ ಭರ್ತಿಯಲ್ಲಿ ಅಳೆಯುವ ಎತ್ತರವನ್ನು ಕಳೆದುಕೊಳ್ಳುವುದು ಹೀಗೆ.

ಉಳಿದದ್ದು ಒಂದರ ಹಿಂದೆ ಒಂದು. ಹೊರಗಿನಿಂದ ಹಾರ್ಮೋನ್ ಬರುತ್ತಿದೆ ಎಂದು ತಿಳಿದ ಮೆದುಳು ವೃಷಣಕ್ಕೆ ಸಂಕೇತ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಮಾತ್ರೆ ರೂಪದವು ಯಕೃತ್ತಿನಲ್ಲಿ ಬೇಗ ಕರಗದಂತೆ ರಾಸಾಯನಿಕವಾಗಿ ತಿದ್ದಿದವು. ಯಕೃತ್ತಿಗೆ ಪೆಟ್ಟು ಬೀಳುವುದು ಆ ತಿದ್ದುಪಡಿಯಿಂದಲೇ. ಒಳ್ಳೆಯ ಕೊಲೆಸ್ಟ್ರಾಲ್ ಇಳಿದು ಕೆಟ್ಟದ್ದು ಏರುತ್ತದೆ, ರಕ್ತ ಮಂದವಾಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಸ್ನಾಯು ಬೆಳೆದಷ್ಟು ಬೇಗ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗದ ಕಾರಣ ಭಾರ ಎತ್ತುವಾಗ ಅದು ಹರಿಯುವುದುಂಟು. ಹುಡುಗಿಯರು ತೆಗೆದುಕೊಂಡರೆ ಮುಟ್ಟು ನಿಲ್ಲುತ್ತದೆ, ಮುಖದಲ್ಲಿ ಕೂದಲು ಬರುತ್ತದೆ, ದನಿ ಒಡೆಯುತ್ತದೆ. ಒಡೆದ ದನಿ ಬಹುಮಟ್ಟಿಗೆ ಹಿಂತಿರುಗುವುದಿಲ್ಲ.

ಸಿರಿಂಜು ಸಿಗದಿದ್ದರೂ ಕಾಣುವ ಗುರುತುಗಳು

ಮೊಡವೆ ಹದಿಹರೆಯದಲ್ಲಿ ಸಹಜ, ಸಿಟ್ಟೂ ಸಹಜ. ಒಂದೊಂದನ್ನೇ ಹಿಡಿದು ಅನುಮಾನ ಪಡಬೇಡಿ, ಮೂರು ನಾಲ್ಕು ಕೂಡಿ ಬಂದಾಗ ನೋಡಿ. ಬೆನ್ನು, ಭುಜದಲ್ಲಿ ದಿಢೀರನೆ ಎದ್ದ ದೊಡ್ಡ ಮೊಡವೆಗಳು. ಕಂಕುಳ ಹತ್ತಿರ, ತೋಳಿನ ಮೇಲೆ ಕೆಂಪು-ನೇರಳೆ ಸೀಳುಗೆರೆ. ಎರಡು ತಿಂಗಳಲ್ಲಿ ಏಳೆಂಟು ಕೆ.ಜಿ. ತೂಕ, ಹೊಸದಾಗಿ ವ್ಯಾಯಾಮ ಶುರುಮಾಡಿದ ಹುಡುಗ ಚೆನ್ನಾಗಿ ತಿಂದರೂ ತಿಂಗಳಿಗೆ ಒಂದು ಕೆ.ಜಿ. ಸ್ನಾಯು ಬಂದರೆ ಹೆಚ್ಚು. ಪೃಷ್ಠ ಅಥವಾ ತೊಡೆಯಲ್ಲಿ ನೋವಿನ ಗಂಟು. ಖರ್ಚಾದ ಹಣಕ್ಕೆ ಲೆಕ್ಕ ಸಿಗದಿರುವುದು.

ಒಂದು ಗುರುತನ್ನು ಮಾತ್ರ ಮುಂದೂಡಬೇಡಿ: ಮೊಲೆತೊಟ್ಟಿನ ಹಿಂದೆ ನೋಯುವ ಗಟ್ಟಿ ಬಿಲ್ಲೆ. ಇದು ಪ್ರಾಯಕ್ಕೆ ಬರುವ ಹುಡುಗರಲ್ಲಿ ತಾನಾಗಿಯೂ ಬಂದು ಹೋಗುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಸ್ಟೀರಾಯ್ಡಿನಿಂದ ಆಗಿದ್ದರೆ ಮೊದಲ ತಿಂಗಳುಗಳಲ್ಲಿ ಔಷಧಿಗೆ ಇಳಿಯಬಹುದು. ವರ್ಷ ದಾಟಿ ನಾರುಗಟ್ಟಿದರೆ ಶಸ್ತ್ರಚಿಕಿತ್ಸೆಯೇ ಗತಿ. ನಾಚಿಕೆಯಿಂದ ಸಡಿಲ ಟೀಶರ್ಟು ಹಾಕಿಕೊಂಡು ವರ್ಷ ಕಳೆಯುವ ಹುಡುಗರೇ ಹೆಚ್ಚು.

ಮಾತು ಹೇಗೆ ತೆಗೆಯುವುದು

'ಸತ್ತುಹೋಗ್ತೀಯ' ಎಂದು ಹೆದರಿಸಿದರೆ ಕೆಲಸ ಆಗದು. ಜಿಮ್ಮಿನಲ್ಲಿ ಅದನ್ನೇ ತೆಗೆದುಕೊಂಡು ದಿನಾ ಬೆಂಚ್ ಹೊಡೆಯುವ ಅಣ್ಣನನ್ನು ಅವನು ಕಣ್ಣಾರೆ ಕಾಣುತ್ತಾನೆ. ಅಮೆರಿಕದ ಒರೆಗಾನ್‌ನಲ್ಲಿ 1990ರ ದಶಕದಲ್ಲಿ ಶಾಲಾ ಫುಟ್‌ಬಾಲ್ ಹುಡುಗರಿಗಾಗಿ ರೂಪಿಸಿದ 'ಅಟ್ಲಾಸ್' ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು: ಲಾಭ ಹಾನಿ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಜೊತೆಗೆ ಊಟ, ವ್ಯಾಯಾಮದ ಸರಿಯಾದ ಕ್ರಮ ಕಲಿಸುವುದು. 'ಸ್ನಾಯು ಬೆಳೆಯುತ್ತೆ, ನಿಜ' ಎಂದು ನೀವು ಒಪ್ಪಿಕೊಂಡರೆ ಮುಂದಿನ ಮಾತನ್ನು ಅವನು ಕೇಳುತ್ತಾನೆ.

ಅಪ್ಪ, ಮಾವ, ದೊಡ್ಡಪ್ಪ ಎಲ್ಲ ಸುತ್ತ ಕೂತು ಪಂಚಾಯ್ತಿ ಮಾಡಬೇಡಿ. ಒಬ್ಬರೇ, ಬೈಕಿನಲ್ಲೋ ನಡೆಯುವಾಗಲೋ, ಮುಖ ನೋಡದೆ ಮಾತಾಡುವ ಜಾಗದಲ್ಲಿ ಕೇಳಿ. ಕೇಳಬೇಕಾದದ್ದು: ಯಾವುದು, ಎಷ್ಟು ವಾರದಿಂದ, ಕೊನೆಯ ಸಲ ಯಾವಾಗ, ಸೂಜಿಯನ್ನು ಯಾರೊಂದಿಗಾದರೂ ಹಂಚಿಕೊಂಡಿದ್ದೀಯಾ. ಒಂದೇ ವಯಲ್‌ಗೆ ಹಲವರ ಸೂಜಿ ಹೋಗಿದ್ದರೂ ಹಂಚಿಕೊಂಡ ಹಾಗೆಯೇ. ಕೊಟ್ಟವರು ಯಾರು ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೇಳಿದರೆ ಗೆಳೆಯನನ್ನು ಉಳಿಸಲು ಎಲ್ಲವನ್ನೂ ಮುಚ್ಚಿಡುತ್ತಾನೆ.

ಯಾವ ಪರೀಕ್ಷೆ, ಹೇಗೆ ಮಾಡಿಸಬೇಕು

ಹಾರ್ಮೋನ್ ತಜ್ಞರು ಸಿಗದ ತಾಲ್ಲೂಕಿನಲ್ಲಿ ಮಕ್ಕಳ ವೈದ್ಯರು ಅಥವಾ ಫಿಜಿಷಿಯನ್ ಶುರುಮಾಡಬಹುದು. ರಕ್ತವನ್ನು ಬೆಳಿಗ್ಗೆ 8ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಿಸಿ. ಟೆಸ್ಟೊಸ್ಟೆರೋನ್ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಒಟ್ಟು ಟೆಸ್ಟೊಸ್ಟೆರೋನ್, ಮೆದುಳು ವೃಷಣಕ್ಕೆ ಕಳಿಸುವ ಸಂಕೇತಗಳಾದ ಎಲ್‌ಎಚ್, ಎಫ್‌ಎಸ್‌ಎಚ್, ಯಕೃತ್ತಿನ ಪರೀಕ್ಷೆ, ಲಿಪಿಡ್ (ಕೊಲೆಸ್ಟ್ರಾಲ್), ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪಾಲು) ಸಹಿತ ರಕ್ತಕಣ ಎಣಿಕೆ, ಬಿಪಿ, ಇಸಿಜಿ. ಸೂಜಿ ಬಳಸಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ. ಎತ್ತರದ ಲೆಕ್ಕಕ್ಕೆ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ, ಮೂಳೆಯ ವಯಸ್ಸು ಅದರಲ್ಲಿ ತಿಳಿಯುತ್ತದೆ.

ಟೆಸ್ಟೊಸ್ಟೆರೋನ್ ಹೆಚ್ಚು, ಎಲ್‌ಎಚ್ ಬಹುತೇಕ ಸೊನ್ನೆ ಎಂದು ಬಂದರೆ ಹಾರ್ಮೋನ್ ಹೊರಗಿನಿಂದ ಬರುತ್ತಿದೆ. ಎರಡೂ ಕಡಿಮೆ ಇದ್ದರೆ ಸೈಕಲ್ ನಿಲ್ಲಿಸಿ ಕೆಲವು ವಾರ ಆಗಿರಬಹುದು, ಇಲ್ಲವೇ ತೆಗೆದುಕೊಳ್ಳುತ್ತಿರುವುದು ನ್ಯಾಂಡ್ರೊಲೋನಿನಂಥ ಬೇರೆ ಸ್ಟೀರಾಯ್ಡ್ ಇರಬಹುದು. ಮೋಸ ಹೋಗುವ ಜಾಗಗಳೂ ಇವೆ. ಯಕೃತ್ತಿನ ಪರೀಕ್ಷೆಯಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಭಾರ ಎತ್ತಿದ್ದರಿಂದಲೂ ಏರುತ್ತವೆ. ಪರೀಕ್ಷೆಗೆ ಮೊದಲು ಒಂದು ವಾರ ಜಿಮ್ ಬಿಡಿಸಿ, ಯಕೃತ್ತಿನದೇ ಬೇರೆ ಅಳತೆಗಳಾದ ಜಿಜಿಟಿ ಮತ್ತು ಬಿಲಿರುಬಿನ್ ಸೇರಿಸಿ ನೋಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಹಾರ್ಮೋನ್ ಫಲಿತಾಂಶ ಏರುಪೇರಾಗುತ್ತದೆ, ವೈದ್ಯರಿಗೆ ಹೇಳಿ ಎರಡು ಮೂರು ದಿನ ಮೊದಲೇ ನಿಲ್ಲಿಸಿ.

ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಮೀನಖಂಡ ಊದುವುದು, ಕಣ್ಣು ಹಳದಿಯಾಗುವುದು, ಚುಚ್ಚಿದ ಜಾಗ ಕೆಂಪಾಗಿ ಜ್ವರ ಬರುವುದು: ಇವಕ್ಕೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅದೇ ದಿನ ಆಸ್ಪತ್ರೆ.

ನಿಲ್ಲಿಸಿದ ಮೇಲೆ

ಮನೆಯವರು ನಿಟ್ಟುಸಿರು ಬಿಡುವ ಈ ಹೊತ್ತೇ ಹೆಚ್ಚು ಕಷ್ಟದ್ದು. ಹೊರಗಿನ ಹಾರ್ಮೋನ್ ನಿಂತಿದೆ, ಒಳಗಿನದು ಇನ್ನೂ ಎದ್ದಿಲ್ಲ. ಹುಡುಗ ಮಂಕಾಗುತ್ತಾನೆ, ನಿದ್ದೆ ಕೆಡುತ್ತದೆ, ಕನ್ನಡಿಯಲ್ಲಿ ತೋಳು ಸಣ್ಣಗಾಗುವುದು ಕಾಣುತ್ತದೆ. ಮತ್ತೆ ಶುರುಮಾಡುವುದು ಇಲ್ಲೇ, ಬದುಕು ಬೇಡ ಎನ್ನುವ ಯೋಚನೆ ಬರುವುದೂ ಇಲ್ಲೇ. ಒಂದೆರಡು ತಿಂಗಳು ಅವನನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಜಿಮ್ಮಿನವರು ಕೊಡುವ 'ಪಿಸಿಟಿ' (ಸೈಕಲ್ ಮುಗಿದ ಮೇಲಿನ) ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಿಸಬೇಡಿ.

ಜಿಮ್ ಪೂರ್ತಿ ಬಿಡಿಸುವುದು ಜಾಣತನವಲ್ಲ. ಬೇಕಾದರೆ ಜಾಗ ಬದಲಿಸಿ. ಊಟದ ಲೆಕ್ಕ ಅವನ ಮುಂದೆಯೇ ಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ 16ರಿಂದ 18ರ ಹುಡುಗನಿಗೆ ದಿನಕ್ಕೆ 55 ಗ್ರಾಂ ಪ್ರೋಟೀನ್ ಸಾಕು. ಗಟ್ಟಿ ವ್ಯಾಯಾಮ ಮಾಡುವ 60 ಕೆ.ಜಿ. ಹುಡುಗನಿಗೆ 80 ಗ್ರಾಂ ಹತ್ತಿರ ಹಿಡಿಯಿರಿ. ಮೂರು ಮೊಟ್ಟೆ 18, ಅರ್ಧ ಲೀಟರ್ ಹಾಲು-ಮೊಸರು 16, 50 ಗ್ರಾಂ ಶೇಂಗಾ 12, ದೊಡ್ಡ ಬಟ್ಟಲು ತೊವ್ವೆ ಅಥವಾ ಹೆಸರುಕಾಳಿನ ಉಸಲಿ 10, ಮುದ್ದೆ ಅನ್ನ ಚಪಾತಿಯಿಂದ 20ರ ಮೇಲೆ. ಮುಗಿಯಿತು. ಪುಡಿ ಡಬ್ಬಿ ಬೇಕೇ ಬೇಕು ಎಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ನೋಡಿ, ಆದರೂ ಒಳಗೆ ಕಲಬೆರಕೆ ಇಲ್ಲ ಎಂಬ ಖಾತರಿ ಅದರಿಂದ ಸಿಗದು.

ಕಬಡ್ಡಿ, ಅಥ್ಲೆಟಿಕ್ಸ್, ಕುಸ್ತಿ ಆಡುವ ಮಕ್ಕಳಿಗೆ ಈ ಮಾತು ಇನ್ನೂ ಬಿಗಿ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನ ಗೆದ್ದ ನಾಲ್ವರಲ್ಲಿ ನಮ್ಮ ಅಶ್ವಿನಿ ಅಕ್ಕುಂಜಿ ಸೇರಿ ಮೂವರು 2011ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂತು ಎಂದರು. ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡಕ್ಕೆ ಏರಿಸಿತು. ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ. ಖೇಲೋ ಇಂಡಿಯಾದಂಥ ಯುವ ಕೂಟಗಳಲ್ಲೂ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಮೂತ್ರ ಪರೀಕ್ಷಿಸುತ್ತದೆ, ನ್ಯಾಂಡ್ರೊಲೋನಿನ ಕುರುಹು ತಿಂಗಳುಗಟ್ಟಲೆ ಉಳಿಯುತ್ತದೆ.

ಮೂರು ತಿಂಗಳಿಗೆ ಅದೇ ರಕ್ತ ಪರೀಕ್ಷೆಗಳನ್ನು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ, ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಹ. ಎಲ್‌ಎಚ್ ಏರತೊಡಗಿದ್ದರೆ ದೇಹ ಎದ್ದು ಕೂರುತ್ತಿದೆ. ಆರು ತಿಂಗಳಾದರೂ ಅಲ್ಲಾಡದಿದ್ದರೆ ಹಾರ್ಮೋನ್ ತಜ್ಞರನ್ನೇ ಹುಡುಕಿಕೊಂಡು ಹೋಗಿ, ಹಳೆಯ ವರದಿಗಳ ಜೊತೆಗೆ ಮೊದಲ ದಿನ ತೆಗೆದಿಟ್ಟ ಆ ಫೋಟೋಗಳನ್ನೂ ಒಯ್ಯಿರಿ.